ರತ್ನಗಂಬಳಿಯ ಅಡಿಯ ಪದರಗಳು

ಕಾರ್ಖಾನೆಯಿಂದ ಸಿದ್ಧವಾಗಿ ಹೊರಬಂದ ಮೋಟಾರುಗಾಡಿಯಲ್ಲಿ ಕುಳಿತವನಿಗೆ ಕಾಲಡಿಯ ರತ್ನಗಂಬಳಿ ಒಂದು ಅಲಂಕಾರವಾಗಿ ಮಾತ್ರ ತೋರುವುದು ಸಹಜ. ಅದರ ಅಡಿಯಲ್ಲಿ ಏನಿದೆ, ಯಾವ ಕ್ರಮದಲ್ಲಿದೆ, ಏತಕ್ಕಾಗಿ ಇದೆ ಎಂಬ ಪ್ರಶ್ನೆ ಅವನಲ್ಲಿ ಏಳುವುದಕ್ಕೆ ಕಾರಣವೇ ಇಲ್ಲ. ಆದರೆ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡು, ಮನೆಯ ಮಗ್ಗುಲಿನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ದುಡಿದು, ತನ್ನ ಕೈಯಿಂದಲೇ ಒಂದು ಕಾರನ್ನು ಕಟ್ಟಿ ನಿಲ್ಲಿಸುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬರಿಯ ತಗಡಿನ ಗೋಡೆಗಳ ನಡುವೆ ಕುಳಿತು ಮೊದಲ ಸಲ ಗಾಡಿಯನ್ನು ರಸ್ತೆಗೆ ಇಳಿಸಿದ ದಿನವೇ ಅದು ಅವನೆದುರು ನಿಲ್ಲುತ್ತದೆ: ಪಾದಗಳು ಕಾದು ಬೇಯುತ್ತವೆ, ಒಂದೊಂದು ತಗಡೂ ಒಂದೊಂದು ಸ್ವರದಲ್ಲಿ ಅದುರುತ್ತದೆ, ಪಕ್ಕದಲ್ಲಿ ಕುಳಿತವನ ಮಾತು ಕಿವಿಗೆ ಬೀಳದು. ಆಗ ಅವನು ಒಂದು ಸುರುಳಿ ರತ್ನಗಂಬಳಿಯನ್ನೂ ಒಂದು ಡಬ್ಬಿ ಅಂಟನ್ನೂ ಕೊಂಡುತಂದು ಎಲ್ಲವನ್ನೂ ಒಮ್ಮೆಗೇ ಮುಚ್ಚಿಬಿಡಲು ಹೊರಡುತ್ತಾನೆ. ಈ ಆತುರ ಸಲ್ಲದೆಂಬುದೇ ಈ ಅಧ್ಯಾಯದ ಪ್ರತಿಪಾದ್ಯ. ರತ್ನಗಂಬಳಿ ಕಣ್ಣಿಗೆ ಮೊದಲು ಬೀಳುವ ಪದರವಾದರೂ ಕಾರ್ಯದಲ್ಲಿ ಕಡೆಯದು; ಅದರ ಅಡಿಯಲ್ಲಿ ಒಂದೊಂದು ಉಪದ್ರವಕ್ಕೆ ಒಂದೊಂದಾಗಿ ನಿಯೋಜಿತವಾದ ಪದರಗಳು ತಕ್ಕ ಕ್ರಮದಲ್ಲಿ ಇರದಿದ್ದರೆ, ಎಷ್ಟು ದಪ್ಪನಾದ ಗಂಬಳಿಯೂ ಆ ಕೊರತೆಯನ್ನು ತುಂಬಲಾರದು.

ಹೀಗೆ ಮನೆಯಲ್ಲಿ ಕಟ್ಟುವ ಗಾಡಿಗೆ ಕಿಟ್ ಕಾರ್ ಎಂದು ಹೆಸರು. ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ಈ ಪದ್ಧತಿ ಹುಲುಸಾಗಿ ಬೆಳೆಯಿತು; ಪೂರ್ಣಗೊಂಡ ಕಾರಿನ ಮೇಲೆ ಅಲ್ಲಿಯ ಸರ್ಕಾರ ವಿಧಿಸುತ್ತಿದ್ದ ಖರೀದಿ ತೆರಿಗೆ ಬಿಡಿಭಾಗಗಳ ಕಟ್ಟಿಗೆ ತಗಲುತ್ತಿರಲಿಲ್ಲವಾದ ಕಾರಣ, ಅಲ್ಪಾದಾಯದ ಉತ್ಸಾಹಿಗಳಿಗೆ ಸ್ವಂತ ಕೈಗೆಲಸವೇ ವೇಗದ ಕಾರಿನ ದ್ವಾರವಾಯಿತು. ಕಾಲಿನ್ ಚಾಪ್‌ಮನ್ನನ ಲೋಟಸ್ ಸೆವೆನ್ ಎಂಬ ಗಾಡಿ 1957ರಲ್ಲಿ ಹೊರಬಂದದ್ದು ಈ ಸನ್ನಿವೇಶದಲ್ಲಿ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದು ಆ ಅನುಕೂಲ ಅಳಿದುಹೋಯಿತು. ಅದೇ ವರ್ಷ ಆ ಗಾಡಿಯನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಪ್ರೇರಣೆ ಬೇರೆ. ಕ್ಯಾರಲ್ ಶೆಲ್ಬಿ ಎಂಬಾತ 1962ರಲ್ಲಿ ಬ್ರಿಟಿಷ್ ಎ.ಸಿ. ಸಂಸ್ಥೆಯ ಹಗುರವಾದ ತೆರೆದ ಗಾಡಿಗೆ ಫೋರ್ಡ್ ಕಂಪೆನಿಯ ಎಂಟು ಸಿಲಿಂಡರುಗಳ ಎಂಜಿನನ್ನು ಜೋಡಿಸಿ ಕೋಬ್ರಾ ಎಂಬ ಕಾರನ್ನು ನಿರ್ಮಿಸಿದನಷ್ಟೆ. ಅಂಥವು ತಯಾರಾದದ್ದು ಸುಮಾರು ಒಂದು ಸಾವಿರ ಮಾತ್ರ. ಇಂದು ಮೂಲ ಗಾಡಿಯ ಬೆಲೆ ಸಾಮಾನ್ಯರಿಗೆ ನಿಲುಕದು. ಆದುದರಿಂದ ಅದರ ಪ್ರತಿಕೃತಿಗಳನ್ನು ಕಟ್ಟುವವರ ಒಂದು ದೊಡ್ಡ ಸಮುದಾಯವೇ ಬೆಳೆದಿದೆ. ಅವರಿಗೆ ಕಿಟ್ಟುಗಳನ್ನು ಒದಗಿಸುವ ಸಂಸ್ಥೆಗಳಲ್ಲಿ ಪ್ರಸಿದ್ಧವಾದ ಫ್ಯಾಕ್ಟರಿ ಫೈವ್ 1995ರಲ್ಲಿ ಸ್ಥಾಪಿತವಾಗಿ ಮೆಸಾಚುಸೆಟ್ಸ್ ರಾಜ್ಯದ ವೇರ್‌ಹ್ಯಾಮ್ ಊರಿನಲ್ಲಿ ನೆಲೆಸಿದೆ. ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ಸಿಲಿಕೋನ್ ಮೆತ್ತಿ ರಿವೆಟ್ ಹೊಡೆದು ಕೂರಿಸುವ ಸುಮಾರು 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಗಳು, ಎಲ್ಲಕ್ಕೂ ಹೊರಗೆ ಫೈಬರ್‌ಗ್ಲಾಸಿನ ಮೈ, ಇದು ಇಂಥ ಗಾಡಿಯ ಸ್ಥೂಲರಚನೆ. ನಮ್ಮ ವಿವೇಚನೆಗೆ ಇದನ್ನೇ ನಿದರ್ಶನವಾಗಿ ಇಟ್ಟುಕೊಳ್ಳೋಣ.

ಇಲ್ಲೊಂದು ಸಂಗತಿಯನ್ನು ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ಶಾಖವನ್ನೂ ಶಬ್ದವನ್ನೂ ತಡೆಯುವ ಈ ಪದರಗಳ ಹಿಂದಿರುವ ಶಾಸ್ತ್ರದಲ್ಲಿ ಹಲವು ಮುಖ್ಯ ಪ್ರಕರಣಗಳು ಅದೇ ಮೆಸಾಚುಸೆಟ್ಸ್ ನೆಲದಲ್ಲಿ ಹುಟ್ಟಿದವರಿಂದಲೋ ಅಲ್ಲಿ ದುಡಿದವರಿಂದಲೋ ರಚಿತವಾದವು. ಕಾಲದಲ್ಲಿ ಒಂದೂವರೆ ಶತಮಾನಕ್ಕೂ ಮಿಗಿಲಾದ ಅಂತರವುಳ್ಳ ಆ ಶೋಧನೆಗಳೆಲ್ಲ ಈಗ ಒಂದು ಗೇಣಿಗೂ ಕಡಿಮೆ ದಪ್ಪದಲ್ಲಿ ಒಂದರ ಮೇಲೊಂದು ಹಾಸಿಕೊಂಡು ಬಿದ್ದಿವೆ ಎಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಮೊದಲು ಶಾಖದ ಮೂಲವನ್ನು ನೋಡೋಣ. ಕೋಬ್ರಾದಲ್ಲಿ ಎಂಜಿನ್ ಬಹಳ ಹಿಂದಕ್ಕೆ ಸರಿದು ಕುಳಿತಿದೆ. ಚಾಲಕನ ಪಾದಗಳು ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳ ಮೇಲೆ ಆಡುವ ಕಿರಿದಾದ ತಗಡಿನ ಪೆಟ್ಟಿಗೆ ಆ ಎಂಜಿನ್ನಿನ ಮಗ್ಗುಲಿಗೇ ಚಾಚಿಕೊಂಡಿದೆ. ಸಿಲಿಂಡರುಗಳಿಂದ ಸುಟ್ಟ ಅನಿಲವನ್ನು ಹೊರಕ್ಕೊಯ್ಯುವ ಕೊಳವೆಗಳು ಈ ಪೆಟ್ಟಿಗೆಯ ಗೋಡೆಗೆ ಅತಿ ಸಮೀಪದಲ್ಲಿ ಹಾದು ಗಾಡಿಯ ಪಕ್ಕದಿಂದ ಹೊರಬರುತ್ತವೆ. ಅಂಥ ಕೊಳವೆಯ ಮೈ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ ಎಂದು ಇಟ್ಟುಕೊಳ್ಳೋಣ. ಕಾದ ವಸ್ತು ಹೊರಸೂಸುವ ವಿಕಿರಣ ಅದರ ನಿರಪೇಕ್ಷ ತಾಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು 1879ರಲ್ಲಿ ಭೌತವಿಜ್ಞಾನಿ ಸ್ಟೆಫಾನ್ ಪ್ರಯೋಗಗಳಿಂದ ಊಹಿಸಿದನು. 1884ರಲ್ಲಿ ಬೋಲ್ಟ್ಸ್‌ಮನ್ ಅದನ್ನು ಸಿದ್ಧಾಂತದಿಂದ ಸಾಧಿಸಿದನು. ಆ ಸೂತ್ರದ ಪ್ರಕಾರ, ತುಕ್ಕಿನ ಬಣ್ಣಕ್ಕೆ ತಿರುಗಿದ 400 ಡಿಗ್ರಿಯ ಉಕ್ಕಿನ ಮೈ ಚದರ ಮೀಟರಿಗೆ ಸುಮಾರು 9,000 ವಾಟ್ ವಿಕಿರಣವನ್ನು ಚೆಲ್ಲುತ್ತದೆ. ನಡುಹಗಲಿನ ನೇರ ಬಿಸಿಲು ನೆಲಕ್ಕೆ ಕೊಡುವುದು ಚದರ ಮೀಟರಿಗೆ 1,000 ವಾಟ್ ಮಾತ್ರ. ಕೊಳವೆಗಳ ಗಾತ್ರ ಚಿಕ್ಕದು, ಅವುಗಳಿಂದ ಹೊರಟುದರಲ್ಲಿ ಒಂದಂಶ ಮಾತ್ರ ಪೆಟ್ಟಿಗೆಯ ಗೋಡೆಗೆ ಬೀಳುವುದು ದಿಟ. ಆದರೂ ಪಾದಗಳು ಏಕೆ ಬೇಯುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ನಾಲ್ಕನೆಯ ಘಾತದ ಈ ನಿಯಮದಲ್ಲಿಯೇ ಪರಿಹಾರದ ಸೂಚನೆಯೂ ಅಡಗಿದೆ. ಕೊಳವೆಯ ಮೈ 400 ಡಿಗ್ರಿಯಿಂದ 200ಕ್ಕೆ ಇಳಿದರೆ ವಿಕಿರಣ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ ಕೊಳವೆಗಳಿಗೆ ಸೆರಾಮಿಕ್ ಲೇಪ ಕೊಡಿಸುವುದು ಒಳಗಿನ ಎಷ್ಟೋ ಪದರಗಳಿಗಿಂತ ಮಿಗಿಲಾದ ಉಪಾಯ. ಎರಡನೆಯ ಉಪಾಯ ವಿಕಿರಣವನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುವುದು. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1804ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಸ್ಮರಣೀಯ. ಆತ ಲೋಹದ ಘನಾಕೃತಿಯ ಪಾತ್ರೆಯೊಂದರ ಮುಖಗಳಲ್ಲಿ ಒಂದಕ್ಕೆ ಮಸಿ ಬಳಿದು, ಇನ್ನೊಂದನ್ನು ಹೊಳೆಯುವಂತೆ ಉಜ್ಜಿ, ಒಳಗೆ ಬಿಸಿನೀರು ತುಂಬಿಸಿದನು. ಎಲ್ಲ ಮುಖಗಳ ಹಿಂದೆಯೂ ಒಂದೇ ನೀರು, ಒಂದೇ ತಾಪ. ಆದರೂ ಮಸಿಯ ಮುಖದಿಂದ ಶಾಖ ಧಾರಾಳವಾಗಿ ಸೂಸಿತು, ಹೊಳೆಯುವ ಮುಖದಿಂದ ಅತ್ಯಲ್ಪವಾಗಿ. ಸೂಸುವುದರಲ್ಲಿ ಜಿಪುಣವಾದ ಮೈ ಹೀರುವುದರಲ್ಲಿಯೂ ಜಿಪುಣವೇ. ಶುಭ್ರವಾಗಿ ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಶಾಖವಿಕಿರಣದಲ್ಲಿ ನೂರಕ್ಕೆ ಐದರಷ್ಟನ್ನು ಮಾತ್ರ ಹೀರಿ ಉಳಿದುದನ್ನು ಹಿಂದಕ್ಕೆ ಅಟ್ಟುತ್ತದೆ.

ಆದುದರಿಂದ ಪೆಟ್ಟಿಗೆಯ ಹೊರಮೈಗೆ, ಎಂಜಿನ್ನಿನ ಕಡೆಗೆ ಮುಖಮಾಡಿ, ಒಂದು ಬೆರಳಿನ ಅಂತರ ಬಿಟ್ಟು ಹೊಳೆಯುವ ತಗಡಿನ ಮರೆಯೊಂದನ್ನು ನಿಲ್ಲಿಸಬೇಕು. ಈ ಅಂತರವೇ ಪ್ರಾಣ. ಮರೆಯನ್ನು ಗೋಡೆಗೆ ಅಂಟಿಸಿಬಿಟ್ಟರೆ ಅದು ಹೀರಿದ ಅಲ್ಪ ಶಾಖ ಲೋಹದಿಂದ ಲೋಹಕ್ಕೆ ನೇರವಾಗಿ ಹರಿಯುತ್ತದೆ. ನಡುವೆ ಗಾಳಿಗೆ ದಾರಿಯಿದ್ದರೆ ಆ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಹೊಳಪಿನ ಮಹಿಮೆ ಹೊಳಪು ಇರುವಷ್ಟು ದಿನ ಮಾತ್ರ. ಎಣ್ಣೆಯ ಪಸೆಯೂ ಧೂಳೂ ಕವಿದ ಮರೆ ಲೆಸ್ಲಿಯ ಮಸಿಯ ಮುಖಕ್ಕೆ ಹತ್ತಿರವಾಗುತ್ತದೆ. ಬೆಳ್ಳಿಯಂತೆ ಹೊಳೆಯುವ ಹಾಳೆಯನ್ನು ಒಳಗಡೆ ಗಂಬಳಿಯ ಅಡಿಯಲ್ಲಿ ಅಂಟಿಸಿ, ಇದು ಶಾಖವನ್ನು ಪ್ರತಿಫಲಿಸುತ್ತದೆಂದು ಸಮಾಧಾನಪಡುವವರು ಅನೇಕರಿದ್ದಾರೆ. ಎರಡು ಘನಪದಾರ್ಥಗಳ ನಡುವೆ ಒತ್ತಿಕೊಂಡ ಹಾಳೆಗೆ ಪ್ರತಿಫಲಿಸುವುದಕ್ಕೆ ಏನೂ ಇಲ್ಲ. ಅಲ್ಲಿ ಶಾಖ ವಿಕಿರಣವಾಗಿ ಬರುವುದಿಲ್ಲ, ವಹನದಿಂದ ಬರುತ್ತದೆ.

ವಹನದ ವಿಷಯಕ್ಕೆ ಬಂದರೆ ನಾವು ಕೌಂಟ್ ರಮ್‌ಫೋರ್ಡನನ್ನು ಕಾಣಬೇಕು. ಬೆಂಜಮಿನ್ ಥಾಮ್ಸನ್ ಎಂಬ ಜನ್ಮನಾಮದ ಈತ ಹುಟ್ಟಿದ್ದು 1753ರಲ್ಲಿ, ಮೆಸಾಚುಸೆಟ್ಸಿನ ವೊಬರ್ನ್ ಊರಿನಲ್ಲಿ. ಅಮೆರಿಕದ ಸ್ವಾತಂತ್ರ್ಯಸಮರದಲ್ಲಿ ಬ್ರಿಟಿಷರ ಪಕ್ಷ ವಹಿಸಿ ದೇಶ ಬಿಟ್ಟು, ಬವೇರಿಯದಲ್ಲಿ ಸೈನ್ಯದ ಅಧಿಕಾರಿಯಾದನು. ಸೈನಿಕರ ಉಡುಪಿಗೆ ಯಾವ ಬಟ್ಟೆ ಹೆಚ್ಚು ಬೆಚ್ಚಗೆ ಎಂಬ ಪ್ರಶ್ನೆಯಿಂದ ಹೊರಟ ಆತ, ಗಾಜಿನ ಬುರುಡೆಯೊಳಗೆ ಉಷ್ಣಮಾಪಕವನ್ನು ನಿಲ್ಲಿಸಿ, ಅದರ ಸುತ್ತ ಉಣ್ಣೆ, ರೇಷ್ಮೆ, ಹತ್ತಿ, ಪ್ರಾಣಿಗಳ ತುಪ್ಪಳ, ಹಕ್ಕಿಯ ನವಿರುಗರಿ ಮುಂತಾದವನ್ನು ತುಂಬಿ, ಕಾಯಿಸಿ, ತಣ್ಣಗಾಗಲು ತಗಲುವ ಕಾಲವನ್ನು ಎಣಿಸಿದನು. ಆತ ಕಂಡುಕೊಂಡದ್ದು ಇಷ್ಟು: ಬೆಚ್ಚಗಿಡುವುದು ಎಳೆಗಳಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡು ಚಲಿಸಲಾರದೆ ನಿಂತ ಗಾಳಿ. ಈ ಬಗೆಯ ಸಂಶೋಧನೆಗಳಿಗಾಗಿ ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ 1792ರಲ್ಲಿ ಕಾಪ್ಲೆ ಪದಕವನ್ನಿತ್ತಿತು. ಇಂದು ನಾವು ಬಳಸುವ ಫೋಮ್ ಹಾಳೆ, ಸಣಬಿನ ಫೆಲ್ಟ್, ಹಳೆಯ ಹತ್ತಿಬಟ್ಟೆಯನ್ನು ಎಕ್ಕಿ ಮಾಡಿದ ಮೆತ್ತೆ ಎಲ್ಲವೂ ಆತನ ಆ ಒಂದು ವಾಕ್ಯದ ಭಾಷ್ಯಗಳೆನ್ನಬಹುದು.

ಅಂಕೆಗಳಲ್ಲಿ ಇದರ ಬಲವನ್ನು ನೋಡುವುದು ಉಚಿತ. ಪೆಟ್ಟಿಗೆಯ ಗೋಡೆ 90 ಡಿಗ್ರಿಯಲ್ಲಿಯೂ ಒಳಗಿನ ಗಾಳಿ 30 ಡಿಗ್ರಿಯಲ್ಲಿಯೂ ಇವೆ ಎಂದು ಭಾವಿಸೋಣ. 1 ಮಿಲಿಮೀಟರ್ ಅಲ್ಯೂಮಿನಿಯಂ ಶಾಖಕ್ಕೆ ಒಡ್ಡುವ ತಡೆ ಗಣನೆಗೇ ಬಾರದಷ್ಟು ಅಲ್ಪ. ಬರಿಯ ಗೋಡೆಯಲ್ಲಿ ಇರುವ ತಡೆಯೆಲ್ಲ ಅದರ ಮೈಗೆ ಅಂಟಿಕೊಂಡಿರುವ ತೆಳು ಗಾಳಿಯದು. ಆಗ ಚದರ ಮೀಟರಿಗೆ ಸುಮಾರು 600 ವಾಟ್ ಶಾಖ ಒಳನುಗ್ಗುತ್ತದೆ. 6 ಮಿಲಿಮೀಟರ್ ದಪ್ಪದ ಫೋಮನ್ನು ಅಂಟಿಸಿದೊಡನೆ ಅದು 225ಕ್ಕೆ ಇಳಿಯುತ್ತದೆ. ಅದರ ಮೇಲೆ 8 ಮಿಲಿಮೀಟರಿನ ಗಂಬಳಿಯನ್ನು ಹಾಸಿದರೆ 150ರ ಸುಮಾರಿಗೆ ಬರುತ್ತದೆ. ಮೊದಲ ಪದರ ಉಳಿಸಿದ್ದು 375 ವಾಟ್, ಅದಕ್ಕಿಂತ ದಪ್ಪನಾದ ಎರಡನೆಯದು ಉಳಿಸಿದ್ದು 75. ಮೂರನೆಯದನ್ನು ಹಾಸಿದರೆ ಲಾಭ ಇನ್ನೂ ಕಿರಿದು. ಈಗ ಹೊರಗಿನ ಮರೆಯ ಸಹಾಯದಿಂದ ಗೋಡೆಯ ತಾಪವೇ 60 ಡಿಗ್ರಿಗೆ ಇಳಿಯಿತೆನ್ನಿ: ಅದೇ ಎರಡು ಪದರಗಳನ್ನು ದಾಟಿ ಬರುವುದು 75 ವಾಟ್ ಮಾತ್ರ. ಹೊರಗೆ ನಿಲ್ಲಿಸಿದ ಒಂದು ತೆಳುತಗಡು ಒಳಗಿನ ಗಂಬಳಿಯಷ್ಟೇ ಕೆಲಸ ಮಾಡಿತು, ಜಾಗವನ್ನು ಮಾತ್ರ ಕಬಳಿಸಲಿಲ್ಲ.

ಆದರೆ ನಿರೋಧಕ ಪದರ ಶಾಖದ ವೇಗವನ್ನು ತಗ್ಗಿಸುತ್ತದೆಯೇ ಹೊರತು ಅದನ್ನು ನಾಶಮಾಡುವುದಿಲ್ಲ. ಗಾಳಿಯಾಡದ ಇಕ್ಕಟ್ಟಾದ ಪೆಟ್ಟಿಗೆಯೊಳಕ್ಕೆ ನಿಧಾನವಾಗಿ ಇಳಿದ ಶಾಖವೂ ಒಂದೆರಡು ಗಂಟೆಯಲ್ಲಿ ಶೇಖರವಾಗುತ್ತದೆ. ಆದಕಾರಣ ಮುಂಭಾಗದಿಂದ ತಣ್ಣನೆಯ ಗಾಳಿಯನ್ನು ಒಂದು ಅಗಲವಾದ ನಳಿಕೆಯ ಮೂಲಕ ಪಾದಗಳ ಪೆಟ್ಟಿಗೆಗೆ ತರುವ ಏರ್ಪಾಡು ಗಂಬಳಿ ಹಾಸುವ ಮುಂಚೆಯೇ ಆಗಬೇಕು. ಹಾಸಿದ ಮೇಲೆ ಅದಕ್ಕಾಗಿ ತೂತು ಕೊರೆಯುವವನ ಪಾಡು ಕಷ್ಟದ್ದು.

ತೂತುಗಳ ಮಾತು ಬಂದಿತು. ಇಡೀ ಕಾರ್ಯದಲ್ಲಿ ಅತ್ಯಂತ ಅಗ್ಗವೂ ಅತ್ಯಂತ ಉಪೇಕ್ಷಿತವೂ ಆದ ಭಾಗ ಅದು. ತಂತಿಗಳು, ಕೇಬಲ್ಲುಗಳು, ಸ್ಟಿಯರಿಂಗ್ ದಂಡ ಇವು ಗೋಡೆಯನ್ನು ದಾಟುವೆಡೆಗಳಲ್ಲಿ, ಹಾಳೆಗಳ ಮೂಲೆಗಳು ಸರಿಯಾಗಿ ಕೂಡದ ಎಡೆಗಳಲ್ಲಿ, ಬೆಳಕು ತೂರುವಷ್ಟು ಸಂದುಗಳು ಉಳಿದಿರುತ್ತವೆ. ಗೋಡೆಯ ವಿಸ್ತೀರ್ಣದಲ್ಲಿ ನೂರನೆಯ ಒಂದು ಭಾಗ ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಭಾಗಗಳನ್ನು ಸೀಸದಿಂದಲೇ ಕಟ್ಟಿದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ಶಬ್ದವನ್ನು ತಡೆಯಲಾರದು. ಏಕೆಂದರೆ ಬಂದ ಶಬ್ದಶಕ್ತಿಯಲ್ಲಿ ನೂರನೆಯ ಒಂದು ಪಾಲು ಆ ಬಾಗಿಲಿನಿಂದ ನಿರಾತಂಕವಾಗಿ ಒಳಬರುತ್ತದೆ. ಕಾದ ಗಾಳಿಗೂ ಅದೇ ಬಾಗಿಲು. ಎಲ್ಲಕ್ಕಿಂತ ಭಯಂಕರವಾದದ್ದು, ವಾಸನೆಯಿಲ್ಲದ, ಬಣ್ಣವಿಲ್ಲದ ಕಾರ್ಬನ್ ಮಾನಾಕ್ಸೈಡಿಗೂ ಅದೇ ಬಾಗಿಲು. ಹಾಗಾಗಿ ಕತ್ತಲೆಯ ಗ್ಯಾರೇಜಿನಲ್ಲಿ ಗೋಡೆಯ ಒಂದು ಕಡೆ ದೀಪವನ್ನು ಹಿಡಿದು ಇನ್ನೊಂದು ಕಡೆಯಿಂದ ನೋಡಿ, ಕಂಡ ಪ್ರತಿಯೊಂದು ಬಿಂದುವನ್ನೂ ರಬ್ಬರಿನ ಬಳೆಯಿಂದಲೋ ಶಾಖ ತಾಳುವ ಸಿಲಿಕೋನಿನಿಂದಲೋ ಮುಚ್ಚಿದ ಮೇಲೆಯೇ ಮುಂದಿನ ಹೆಜ್ಜೆ ಇಡತಕ್ಕದ್ದು.

ಇನ್ನು ತಗಡಿನ ಕಂಪನ. ಎಂಟು ಸಿಲಿಂಡರುಗಳ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ಸ್ಫೋಟಗಳು. ನಿಮಿಷಕ್ಕೆ 2,400 ಸುತ್ತುಗಳಲ್ಲಿ, ಎಂದರೆ ಸೆಕೆಂಡಿಗೆ 40 ಸುತ್ತುಗಳಲ್ಲಿ, ಸೆಕೆಂಡಿಗೆ 160 ಸ್ಫೋಟಗಳಾಗುತ್ತವೆ. ಗಾಡಿಯ ಗುಡುಗಿನ ಮೂಲಸ್ವರ ಅದು. ಈ ಪೆಟ್ಟುಗಳು ಚೌಕಟ್ಟಿನ ಮೂಲಕ ಹಾಳೆಗಳನ್ನು ಅಲುಗಾಡಿಸುತ್ತವೆ, ಮತ್ತು ಅಲ್ಯೂಮಿನಿಯಂ ಒಮ್ಮೆ ಅದುರತೊಡಗಿದರೆ ಸುಲಭವಾಗಿ ನಿಲ್ಲದು. ಕಂಪನದ ಶಕ್ತಿಯನ್ನು ತನ್ನೊಳಗೇ ಕರಗಿಸಿಕೊಳ್ಳುವ ಗುಣ ಆ ಲೋಹದಲ್ಲಿ ಅತ್ಯಲ್ಪ. ಈ ರೋಗಕ್ಕೆ ಔಷಧ ಬ್ಯುಟೈಲ್ ರಬ್ಬರಿನ ತೆಳುವಾದ ಅಂಟುಪದರ, ಅದರ ಬೆನ್ನಿಗೆ ಒಂದು ಅಲ್ಯೂಮಿನಿಯಂ ಹಾಳೆ. ಡೈನಾಮ್ಯಾಟ್ ಮುಂತಾದ ಹೆಸರುಗಳಲ್ಲಿ ಸುರುಳಿಯಾಗಿ ಮಾರಾಟವಾಗುವುದು ಇದೇ. ಮೆಸಾಚುಸೆಟ್ಸಿನ ಕೇಂಬ್ರಿಜ್ ನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಧ್ವನಿಶಾಸ್ತ್ರಜ್ಞರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಎಡ್ವರ್ಡ್ ಕರ್ವಿನ್ 1959ರಲ್ಲಿ ಇದರ ಗಣಿತವನ್ನು ಪ್ರಕಟಿಸಿದನು. ತಗಡು ಬಾಗುವಾಗ ಅದರ ಮೈ ಒಂದಿಷ್ಟು ಹಿಗ್ಗುತ್ತದೆ. ಮೇಲಿನ ಬಿಗಿಯಾದ ಹಾಳೆ ಹಾಗೆ ಹಿಗ್ಗಲು ಒಪ್ಪುವುದಿಲ್ಲ. ಇವೆರಡರ ಜಗ್ಗಾಟದಲ್ಲಿ ನಡುವಿನ ಮೆತ್ತನೆಯ ರಬ್ಬರು ಅಡ್ಡಡ್ಡಲಾಗಿ ಎಳೆಯಲ್ಪಟ್ಟು, ಕಂಪನದ ಶಕ್ತಿಯನ್ನು ಅತ್ಯಲ್ಪ ಶಾಖವನ್ನಾಗಿ ಪರಿವರ್ತಿಸಿ ಮುಗಿಸಿಬಿಡುತ್ತದೆ. ಬೆನ್ನಿನ ಹಾಳೆಯ ಪ್ರಯೋಜನ ಇಲ್ಲಿ ಹೊಳಪಲ್ಲ, ಬಿಗಿತನ.

ಈ ತತ್ತ್ವವನ್ನು ಅರಿತವನು ಖರ್ಚನ್ನೂ ಭಾರವನ್ನೂ ಉಳಿಸಬಲ್ಲ. ಹಾಳೆ ಅತಿ ಹೆಚ್ಚು ಬಾಗುವುದು ನಡುಭಾಗದಲ್ಲಿ. ಅಲ್ಲಿ ವಿಸ್ತೀರ್ಣದ ಕಾಲು ಭಾಗದಿಂದ ಅರ್ಧದಷ್ಟನ್ನು ಮುಚ್ಚಿದರೆ ಅದುರಾಟದ ಬಹುಭಾಗ ಅಡಗುತ್ತದೆ, ಇಡೀ ಗೋಡೆಗೆ ಹೊದಿಸಬೇಕಾದ ಅಗತ್ಯವಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಠಣತ್ಕಾರ ಹೋಗಿ ಮಂದವಾದ ಸದ್ದು ಬಂದರೆ ಸಾಕು. ಆದರೆ ಅಂಟಿಸಿದಷ್ಟನ್ನು ಗಟ್ಟಿಯಾದ ರೋಲರಿನಿಂದ ಉಜ್ಜಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಒತ್ತಬೇಕು. ತಗಡಿಗೆ ತಾಗದ ರಬ್ಬರು ಎಳೆಯಲ್ಪಡುವುದಿಲ್ಲ, ಎಳೆಯಲ್ಪಡದ ರಬ್ಬರು ಭಾರ ಮಾತ್ರ. ಅಗ್ಗವೆಂದು ಮನೆಯ ಚಾವಣಿಗೆ ಹಾಕುವ ಡಾಂಬರಿನ ಹಾಳೆಯನ್ನು ತಂದು ಅಂಟಿಸುವವರಿಗೆ ಬೇಸಿಗೆಯ ಒಂದು ದೀರ್ಘ ಪ್ರಯಾಣ ಸಾಕು: ಕಾದ ಗೋಡೆಯ ಮೇಲೆ ಅದು ಮೆತ್ತಗಾಗಿ ಜಾರುತ್ತದೆ, ಅದರ ವಾಸನೆ ಗಂಬಳಿಗೆ ಹತ್ತಿ ವರ್ಷಗಟ್ಟಲೆ ಬಿಡದು.

ಕಂಪನವನ್ನು ಅಡಗಿಸಿದ ಮಾತ್ರಕ್ಕೆ ಗಾಳಿಯಲ್ಲಿ ಬರುವ ಶಬ್ದಕ್ಕೆ ಅಡ್ಡಿಯಾಗುವುದಿಲ್ಲ. ಆ ಕೆಲಸಕ್ಕೆ ಬೇಕಾದುದು ಭಾರ. ಗೋಡೆಯ ಭಾರ ಇಮ್ಮಡಿಯಾದರೆ ದಾಟುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಸಾಮಾನ್ಯ ನಿಯಮ. 1 ಮಿಲಿಮೀಟರ್ ಅಲ್ಯೂಮಿನಿಯಂ ಚದರ ಮೀಟರಿಗೆ 2.7 ಕಿಲೋಗ್ರಾಂ ತೂಗುತ್ತದೆ. 160 ಹರ್ಟ್ಸ್ ಗುಡುಗನ್ನು ಅದು ತಡೆಯುವುದು ಸುಮಾರು 6 ಡೆಸಿಬೆಲ್ ಮಾತ್ರ. ಭಾರ ತುಂಬಿದ ವಿನೈಲ್ ಹಾಳೆಯನ್ನು, ಚದರ ಮೀಟರಿಗೆ ಸುಮಾರು 5 ಕಿಲೋಗ್ರಾಮಿನದನ್ನು, ಫೋಮಿನ ಮೇಲೆ ತೇಲುವಂತೆ ಹಾಸಿದರೆ ಮತ್ತೆ ಒಂಬತ್ತು ಹತ್ತು ಡೆಸಿಬೆಲ್ ದೊರೆಯಬಹುದು. ಮೂರು ಚದರ ಮೀಟರಿಗೆ ಹದಿನೈದು ಕಿಲೋಗ್ರಾಂ ಹೊರೆ! ಒಂದು ಟನ್ನಿನ ಆಸುಪಾಸಿನಲ್ಲಿರುವ, ಹಗುರತನವನ್ನೇ ತನ್ನ ಹುಟ್ಟಿನ ಗುಣವಾಗಿ ಪಡೆದ ಗಾಡಿಗೆ ಇದು ಸಲ್ಲುವುದೆ? ನನ್ನ ಅಭಿಪ್ರಾಯದಲ್ಲಿ ಮೇಲ್ಛಾವಣಿಯುಳ್ಳ ಕಿಟ್ ಕಾರಿಗೆ ಸಲ್ಲುತ್ತದೆ. ತೆರೆದ ಕೋಬ್ರಾಗೆ ಸಲ್ಲದು. ಹೆದ್ದಾರಿಯ ವೇಗದಲ್ಲಿ ತಲೆಯ ಸುತ್ತ ಬೀಸುವ ಗಾಳಿಯ ಭೋರ್ಗರೆತವೂ ಪಕ್ಕದ ಹೊಗೆಕೊಳವೆಯ ಗರ್ಜನೆಯೂ ಮೇಲಿನಿಂದಲೇ ಬರುತ್ತಿರುವಾಗ ನೆಲವನ್ನು ಮೂಕಗೊಳಿಸಿ ಫಲವಿಲ್ಲ. ಅಲ್ಲಿ ಶಾಖವೇ ಮುಖ್ಯ ಶತ್ರು.

ರತ್ನಗಂಬಳಿ ಶಬ್ದವನ್ನು ಹೀರುವುದಿಲ್ಲವೆ ಎಂದು ಕೇಳಬಹುದು. ಹೀರುತ್ತದೆ, ಆದರೆ ಎಲ್ಲ ಶಬ್ದವನ್ನೂ ಸಮನಾಗಿ ಅಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು, ಮಾತು ಮುಗಿದ ಮೇಲೂ ಐದೂವರೆ ಸೆಕೆಂಡುಗಳಷ್ಟು ಕಾಲ ಅನುರಣಿಸುತ್ತಿದ್ದ ಒಂದು ಉಪನ್ಯಾಸಮಂದಿರವನ್ನು ಸರಿಪಡಿಸುವಂತೆ ವ್ಯಾಲೆಸ್ ಸಬೈನ್ ಎಂಬ ತರುಣ ಅಧ್ಯಾಪಕನನ್ನು ಕೇಳಿಕೊಂಡರು. ಆತ ನಗರದ ಸದ್ದಡಗಿದ ನಡುರಾತ್ರಿಗಳಲ್ಲಿ, ಸಮೀಪದ ರಂಗಮಂದಿರದ ಮೆತ್ತೆಗಳನ್ನು ತಂದು ಹಾಸಿ, ಒಂದು ಆರ್ಗನ್ ಕೊಳವೆಯನ್ನು ಊದಿಸಿ, ಅದರ ದನಿ ಅಳಿಯುವವರೆಗಿನ ಕಾಲವನ್ನು ಗಡಿಯಾರದಿಂದ ಅಳೆದನು. ಮತ್ತೆ ಇನ್ನಷ್ಟು ಮೆತ್ತೆಗಳನ್ನು ಹಾಸಿ ಮತ್ತೆ ಅಳೆದನು. ಯಾವ ವಸ್ತು ಎಷ್ಟು ಶಬ್ದವನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಸಂಖ್ಯೆಯಲ್ಲಿ ಹೇಳುವ ಶಾಸ್ತ್ರ ಹೀಗೆ ಜನಿಸಿತು. ಆ ಶಾಸ್ತ್ರ ಹೇಳುವುದೇನೆಂದರೆ, ರಂಧ್ರಮಯವಾದ ಪದರ ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಶಬ್ದದ ತರಂಗಾಂತರದ ಕಾಲು ಭಾಗದ ಸಮೀಪಕ್ಕೆ ಬರಬೇಕು. 160 ಹರ್ಟ್ಸಿನ ತರಂಗ ಎರಡು ಮೀಟರಿಗೂ ಉದ್ದ. ಅದರ ಕಾಲು ಭಾಗ ಅರ್ಧ ಮೀಟರಿಗೂ ಮಿಗಿಲು. ಒಂದು ಸೆಂಟಿಮೀಟರಿನ ಗಂಬಳಿ ಅದರ ಮುಂದೆ ಇದ್ದೂ ಇಲ್ಲದಂತೆ. ಚಕ್ರದಿಂದ ಸಿಡಿದ ಕಲ್ಲಿನ ಚಟಪಟ, ಗೇರುಗಳ ಕೀರಲು ಮುಂತಾದ ಎತ್ತರದ ಸ್ವರಗಳನ್ನು ಮಾತ್ರ ಅದು ತಕ್ಕಮಟ್ಟಿಗೆ ನುಂಗಬಲ್ಲದು.

ಇನ್ನುಳಿದ ಶತ್ರು ನೀರು. ತೆರೆದ ಗಾಡಿಯಲ್ಲಿ ಇಂದಲ್ಲ ನಾಳೆ ಮಳೆ ಬಿದ್ದೇ ಬೀಳುತ್ತದೆ. ರಮ್‌ಫೋರ್ಡನ ನಿಶ್ಚಲವಾದ ಗಾಳಿಯ ಜಾಗವನ್ನು ನೀರು ಆಕ್ರಮಿಸಿದಾಗ, ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಹರಿಯಗೊಡುವ ಆ ವಸ್ತು ನಿರೋಧಕವನ್ನೇ ವಾಹಕವನ್ನಾಗಿ ಮಾಡುತ್ತದೆ. ಒಲೆಯ ಮೇಲಿನ ಪಾತ್ರೆಯನ್ನು ಒದ್ದೆಬಟ್ಟೆಯಿಂದ ಹಿಡಿದು ಕೈ ಸುಟ್ಟುಕೊಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಆದಕಾರಣ ತೆರೆದ ಗಾಡಿಯ ನೆಲಕ್ಕೆ ಸಣಬಿನ ಫೆಲ್ಟಾಗಲಿ ಹತ್ತಿಯ ಮೆತ್ತೆಯಾಗಲಿ ತಕ್ಕುದಲ್ಲ. ಒಂದೊಂದು ಗುಳ್ಳೆಯೂ ನಾಲ್ಕೂ ಕಡೆ ಮುಚ್ಚಿಕೊಂಡಿರುವ, ನೀರನ್ನು ಒಳಬಿಡದ ಫೋಮೇ ಯೋಗ್ಯ. ಹೀರಿಕೊಂಡ ನೀರು ಆರದೆ ನಿಂತರೆ ಬೂಷ್ಟು ಬೆಳೆಯುತ್ತದೆ, ಕೆಳಗಿನ ಉಕ್ಕಿನ ಕೊಳವೆ ತುಕ್ಕು ಹಿಡಿಯುತ್ತದೆ, ಉಕ್ಕೂ ಅಲ್ಯೂಮಿನಿಯಮೂ ಕೂಡುವೆಡೆಯಲ್ಲಿ ಉಪ್ಪು ಬೆರೆತ ನೀರು ಇವೆರಡರ ನಡುವೆ ವಿದ್ಯುತ್ಕೋಶವನ್ನು ನಿರ್ಮಿಸಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ನೆಲದ ಗಂಬಳಿಯನ್ನು ಪೂರ್ತಿಯಾಗಿ ಅಂಟಿಸದೆ, ಒತ್ತುಗುಂಡಿಗಳಿಂದ ಕೂರಿಸಿ, ಬೇಕಾದಾಗ ಎತ್ತಿ ಬಿಸಿಲಿಗೆ ಹಾಕುವಂತೆ ಇಡುವುದು ವಿವೇಕ.

ಕಡೆಗೆ ಗಂಬಳಿಯೇ. ಕೈಮಗ್ಗದಲ್ಲಿ ಶ್ರಮಪಟ್ಟು ನೇಯುತ್ತಿದ್ದ ಈ ಸಿರಿವಂತರ ಸಾಮಗ್ರಿಯನ್ನು ಯಂತ್ರದ ಮಗ್ಗಕ್ಕೆ ಏರಿಸಿದವನು ಇರಾಸ್ಟಸ್ ಬಿಗೆಲೊ. 1814ರಲ್ಲಿ ಮೆಸಾಚುಸೆಟ್ಸಿನ ವೆಸ್ಟ್ ಬಾಯ್ಲ್‌ಸ್ಟನ್ನಿನಲ್ಲಿ ಹುಟ್ಟಿದ ಈತ 1840ರ ದಶಕದಲ್ಲಿ ಆ ಯಂತ್ರಗಳನ್ನು ರೂಪಿಸಿದನು. ಇಂದು ಕಾರುಗಳಿಗೆ ಬರುವುದರಲ್ಲಿ ಬಹುಪಾಲು ನೇಯ್ದದ್ದಲ್ಲ, ಸೂಜಿಯಿಂದ ಚುಚ್ಚಿ ಕೂರಿಸಿದ್ದು. ಕಟ್ಟುವವನು ವಿಚಾರಿಸಬೇಕಾದುದು ನೂಲಿನ ಜಾತಿಯನ್ನು. ಪಾಲಿಪ್ರೊಪಿಲೀನ್ ಅಗ್ಗ, ನೀರನ್ನು ಹೀರದು. ಆದರೆ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮುಂಚೆಯೇ ಮೆತ್ತಗಾಗಿ ಮಲಗಿಬಿಡುತ್ತದೆ. ಕಾರಿಗೆ ಬಳಸುವ ಒಳ್ಳೆಯ ನೈಲಾನ್ 255 ಡಿಗ್ರಿಗೂ ಮೇಲೆ ಕರಗುವಂಥದು. ಉಣ್ಣೆ ಕರಗುವುದೇ ಇಲ್ಲ. ಕಪ್ಪಗೆ ಕರಕಾಗುತ್ತದೆ, ಸುಲಭವಾಗಿ ಹೊತ್ತಿಕೊಳ್ಳದು. ಆದರೆ ತನ್ನ ತೂಕದ ಆರನೆಯ ಒಂದು ಭಾಗದಷ್ಟು ತೇವವನ್ನು ಗಾಳಿಯಿಂದಲೇ ಹೀರುವ ಉಣ್ಣೆ ತೆರೆದ ಗಾಡಿಯ ನೆಲಕ್ಕಿಂತ ಮುಚ್ಚಿದ ಗಾಡಿಯ ನೆಲಕ್ಕೆ ಒಪ್ಪುವಂಥದು. ಕಾರಿನೊಳಗಿನ ಬಟ್ಟೆಗಳಲ್ಲಿ ಜ್ವಾಲೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಕೂಡದೆಂದು ಅಮೆರಿಕದ ಮೋಟಾರು ವಾಹನ ಸುರಕ್ಷತಾ ಮಾನದಂಡಗಳಲ್ಲಿ 302ನೆಯದು ವಿಧಿಸುತ್ತದೆ. ಮನೆಗೆ ಹಾಸಿ ಮಿಕ್ಕ ಗಂಬಳಿಯ ತುಂಡನ್ನು ಕಾರಿಗೆ ಬಳಸಬೇಕೆಂದಿರುವವನು ಮೊದಲು ಅದರ ಒಂದು ಚೂರಿಗೆ ಬಯಲಿನಲ್ಲಿ ಬೆಂಕಿ ತಾಗಿಸಿ ನೋಡುವುದು ಲೇಸು.

ಅಂಟಿನ ಆಯ್ಕೆಯಲ್ಲಿಯೂ ಶಾಖವೇ ನಿರ್ಣಾಯಕ. ಸಾಮಾನ್ಯವಾದ ತುಂತುರು ಅಂಟುಗಳು ಕಾದ ಗೋಡೆಯ ಮೇಲೆ ಮೆತ್ತಗಾಗಿ ಕೈಬಿಡುತ್ತವೆ. ಕಾರಿನ ಒಳಹೊದಿಕೆಗೆಂದೇ ತಯಾರಿಸಿದ, ಹೆಚ್ಚು ಶಾಖ ತಾಳುವ ಅಂಟು ಬೇಕು. ಇದನ್ನು ಗಂಬಳಿಯ ಬೆನ್ನಿಗೂ ಗೋಡೆಗೂ ಎರಡಕ್ಕೂ ಬಳಿದು, ದ್ರಾವಕ ಆರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಹದವಾದ ಮೇಲೆ ಕೂಡಿಸಬೇಕು. ಕೂಡಿಸಿದ ಕ್ಷಣದಲ್ಲಿಯೇ ಅದು ಹಿಡಿದುಕೊಳ್ಳುವುದರಿಂದ ಸರಿಸಿ ನೋಡಲು ಅವಕಾಶವಿಲ್ಲ. ಹಾಗಾಗಿ ದಪ್ಪ ಕಾಗದದಲ್ಲಿ ಪ್ರತಿಯೊಂದು ಮುಖದ ಅಚ್ಚನ್ನು ಮೊದಲೇ ಕತ್ತರಿಸಿ, ಕೂರಿಸಿ, ತಿದ್ದಿಕೊಂಡಿರಬೇಕು. ಅಂಟಿನ ದ್ರಾವಕದ ಆವಿ ತಲೆಸುತ್ತು ಬರಿಸುವಂಥದೂ ಬೆಂಕಿ ಹೊತ್ತುವಂಥದೂ ಆದಕಾರಣ, ಗ್ಯಾರೇಜಿನ ಬಾಗಿಲು ತೆರೆದಿರಬೇಕು, ಹತ್ತಿರದಲ್ಲಿ ಕಿಡಿ ಹಾರುವ ಕೆಲಸ ಯಾವುದೂ ನಡೆಯುತ್ತಿರಬಾರದು. ಗೇರುಪೆಟ್ಟಿಗೆಯ ಮೇಲಿನ ಉಬ್ಬಿಗೆ ಮೊದಲು, ಪಕ್ಕದ ಗೋಡೆಗಳಿಗೆ ಆಮೇಲೆ, ನೆಲಕ್ಕೆ ಕಡೆಯಲ್ಲಿ ಎಂಬ ಕ್ರಮವನ್ನು ಅನುಸರಿಸಿದರೆ ಒಂದರ ಅಂಚನ್ನು ಇನ್ನೊಂದು ಮರೆಸುತ್ತದೆ. ಗಂಬಳಿಯ ನವಿರು ಎಲ್ಲ ತುಂಡುಗಳಲ್ಲಿಯೂ ಒಂದೇ ದಿಕ್ಕಿಗೆ ಒರಗಿರಬೇಕು. ಇಲ್ಲವಾದರೆ ಒಂದೇ ಸುರುಳಿಯಿಂದ ಕತ್ತರಿಸಿದ ಎರಡು ತುಂಡುಗಳು ಬಿಸಿಲಿನಲ್ಲಿ ಎರಡು ಬಣ್ಣಗಳಾಗಿ ಕಾಣುತ್ತವೆ.

ಪೆಡಲುಗಳ ವಿಷಯವೊಂದನ್ನು ಮಾತ್ರ ಮರೆಯಲಾಗದು. ಬ್ಯುಟೈಲ್ ಪದರ 2 ಮಿಲಿಮೀಟರ್, ಫೋಮ್ 6, ಗಂಬಳಿ 8, ಒಟ್ಟು 16 ಮಿಲಿಮೀಟರಿನಷ್ಟು ನೆಲವೂ ಮುಂದಿನ ಗೋಡೆಯೂ ಪಾದದ ಕಡೆಗೆ ಬೆಳೆದಿರುತ್ತವೆ. ಬರಿಯ ತಗಡಿನ ಕಾಲದಲ್ಲಿ ಸರಿಯಾಗಿ ಅಳೆದು ಕೂರಿಸಿದ್ದ ಬ್ರೇಕಿನ ಪೆಡಲು ಈಗ ಪೂರ್ಣವಾಗಿ ಒತ್ತುವ ಮುಂಚೆಯೇ ಗಂಬಳಿಗೆ ತಗಲಬಹುದು, ಆಕ್ಸಿಲರೇಟರು ಒತ್ತಿದಲ್ಲಿಯೇ ಅಂಚಿಗೆ ಸಿಕ್ಕಿಕೊಳ್ಳಬಹುದು. ಆದುದರಿಂದ ಪೆಡಲುಗಳ ಹಿಂದಿನ ಗೋಡೆಯಲ್ಲಿ ಗಂಬಳಿಯನ್ನು ಬಿಟ್ಟು, ಫೋಮನ್ನು ತೆಳುವಾದದ್ದಕ್ಕೆ ಬದಲಿಸಿ, ಹಿಮ್ಮಡಿ ಊರುವೆಡೆಯಲ್ಲಿ ರಬ್ಬರಿನ ತುಂಡೊಂದನ್ನು ಹೊಲಿದು, ಮೂರು ಪೆಡಲುಗಳನ್ನೂ ಕೈಯಿಂದ ಕೊನೆಯವರೆಗೆ ಒತ್ತಿ, ಒಂದೊಂದೂ ತಾನಾಗಿ ಹಿಂದಿರುಗುವುದನ್ನು ಕಂಡ ತರುವಾಯವೇ ಕುರ್ಚಿಗಳನ್ನು ಒಳಗಿಟ್ಟು ಬೋಲ್ಟುಗಳನ್ನು ಬಿಗಿಯತಕ್ಕದ್ದು.